ಜಗಲಿಯ ಮೇಲಣ ಪಾಠ

ಹುಬ್ಬಳ್ಳಿಯಿಂದ ಅಂಕೋಲೆಯತ್ತ ಸಾಗುವ ಹೆದ್ದಾರಿಯಲ್ಲಿ, ಕಲಘಟಗಿ ಸೀಮೆಯ ಬಯಲು ಮುಗಿದು ಸಾಗುವಾನಿಯ ಕಾಡು ಇಬ್ಬದಿಗೂ ಒತ್ತಿ ಬರುವ ಎಡೆಯಲ್ಲಿ, ಯಲ್ಲಾಪುರ ತಾಲ್ಲೂಕಿನ ಕಿರವತ್ತಿ ಇದೆ. ಅರಣ್ಯ ಇಲಾಖೆಯ ನಾಟಾ ಡಿಪೋದಿಂದ ಹೆಸರಾದ ಈ ಊರಿನ ಸುತ್ತಮುತ್ತ ಕನ್ನಡವನ್ನಾಡುವ ರೈತರ ಮನೆಗಳುಂಟು, ಕೊಂಕಣಿ ಬೆರೆತ ನುಡಿಯ ಸಿದ್ದಿಯರ ಮನೆಗಳುಂಟು, ಮರಾಠಿಯ ಒಳನುಡಿಯನ್ನಾಡುವ ಗೌಳಿಗರ ದಡ್ಡಿಗಳುಂಟು. ಇಂಥ ಸೀಮೆಯ ಮಗು ಶಾಲೆಯ ಹೊಸ್ತಿಲನ್ನು ತುಳಿಯುವ ಮುನ್ನವೇ ಎರಡು ಮೂರು ಭಾಷೆಗಳನ್ನು ಕಿವಿಯಿಂದಲೂ, ಹತ್ತಾರು ಮರಗಳನ್ನು ಎಲೆ ತೊಗಟೆಗಳ ಗುರುತಿನಿಂದಲೂ ಅರಿತಿರುತ್ತದೆ. ಈ ಅರಿವಿನ ಮುಂದಿನ ಹೆಜ್ಜೆಗಳನ್ನೂ ಮನೆಯಲ್ಲಿಯೇ ಇಡಿಸಬಹುದೆ ಎಂಬ ಪ್ರಶ್ನೆ ಇಂದು ಹಲವು ತಂದೆತಾಯಿಗಳ ಮನಸ್ಸಿನಲ್ಲಿ ಮೂಡುತ್ತಿದೆ. ಪೇಟೆಯವರು ಹೋಂ ಸ್ಕೂಲಿಂಗ್ ಎಂದು ಕರೆಯುವ ಈ ಗೃಹಶಿಕ್ಷಣವನ್ನು ಆರಂಭಿಸುವ ಬಗೆ ಯಾವುದು, ಅದರ ಹೊಣೆ ಎಷ್ಟು ಎಂಬುದನ್ನು ವಿಚಾರಿಸುವುದು ಉಚಿತ.

ಈ ಪದ್ಧತಿ ನಮಗೆ ಹೊರಗಿನಿಂದ ಬಂದುದೇನೂ ಅಲ್ಲ. ಸರಕಾರಿ ಶಾಲೆಗಳು ವಿರಳವಾಗಿದ್ದ ಕಾಲದಲ್ಲಿ ಮನೆಯ ಜಗಲಿಯೇ ಪಾಠಶಾಲೆಯಾಗಿ, ಐಗಳು ಮರಳಿನ ಮೇಲೆ ಮಕ್ಕಳ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. 1904ರಲ್ಲಿ ಹುಟ್ಟಿದ ಕುವೆಂಪು ಅವರ ಮೊದಲ ವಿದ್ಯಾಭ್ಯಾಸ ನಡೆದುದು, ದಕ್ಷಿಣ ಕನ್ನಡದಿಂದ ಕರೆಸಿದ ಉಪಾಧ್ಯಾಯರಿಂದ, ಮನೆಯಲ್ಲಿಯೇ. ತೀರ್ಥಹಳ್ಳಿಯ ಶಾಲೆಗೆ ಅವರು ಸೇರಿದುದು ಅನಂತರ. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿ, 'ಬಾಲಪ್ರಪಂಚ'ವೆಂಬ ಮೂರು ಸಂಪುಟಗಳ ವಿಶ್ವಕೋಶವನ್ನು ರಚಿಸಿದ ಶಿವರಾಮ ಕಾರಂತರು, ತಮ್ಮ ಮಕ್ಕಳ ಆರಂಭದ ಕಲಿಕೆಯನ್ನು ಮನೆಯಲ್ಲಿಯೇ ನಡೆಸಿದರು. ಈ ಮಕ್ಕಳೆಲ್ಲ ಮುಂದೆ ಶಾಲೆಯನ್ನು ಸೇರಿದವರೇ ಎಂಬುದನ್ನು ನೆನಪಿನಲ್ಲಿಡಬೇಕು: ಮನೆಯ ಪಾಠ ಶಾಲೆಯ ದಾರಿಯನ್ನು ಮುಚ್ಚಿರಲಿಲ್ಲ.

ಶಾಲೆಯನ್ನು ಹಗುರವಾಗಿ ಕಾಣುವ ಅಧಿಕಾರವಂತೂ ಉತ್ತರ ಕನ್ನಡದವರಾದ ನಮಗಿಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ, ಬಡವರ ಮಕ್ಕಳಿಗಾಗಿ ಈ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದುದು, ಶಾಲೆಯಿಲ್ಲದ ಊರಿನ ಮಗುವಿಗೆ ಬದುಕಿನ ಎಷ್ಟೋ ಬಾಗಿಲುಗಳು ಮುಚ್ಚಿರುತ್ತವೆಂಬ ಅರಿವಿನಿಂದ. ದನ ಕಾಯುವುದಕ್ಕೆಂದೋ, ತಮ್ಮತಂಗಿಯರನ್ನು ಆಡಿಸುವುದಕ್ಕೆಂದೋ ಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುವುದು ಗೃಹಶಿಕ್ಷಣವಲ್ಲ. ಅದು ಮಗುವಿನ ಹಕ್ಕಿನ ಅಪಹರಣ. ದಿನದ ಕೆಲವು ಗಂಟೆಗಳನ್ನು, ಬೇರೆ ಕೆಲಸವನ್ನು ಬದಿಗಿರಿಸಿ, ಮಗುವಿಗೆಂದೇ ಮೀಸಲಿಡಬಲ್ಲ ಹಿರಿಯರೊಬ್ಬರು ಮನೆಯಲ್ಲಿದ್ದರೆ ಮಾತ್ರ ಈ ದಾರಿಯನ್ನು ಹಿಡಿಯಬೇಕು.

ಕಾನೂನಿನ ಮಾತನ್ನು ಮೊದಲೇ ಅರಿತಿರುವುದು ಲೇಸು. ಸಂವಿಧಾನದ 2002ರ 86ನೆಯ ತಿದ್ದುಪಡಿಯಿಂದ ಶಿಕ್ಷಣವು ಮೂಲಭೂತ ಹಕ್ಕಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, 6ರಿಂದ 14 ವರ್ಷದ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ವಿಧಿಸಿತು. ಗೃಹಶಿಕ್ಷಣವನ್ನು ಆ ಕಾಯಿದೆ ಹೆಸರಿಟ್ಟು ಹೇಳಿಲ್ಲ. ಆದುದರಿಂದ ಊರಿನ ಶಾಲೆಯ ಮುಖ್ಯೋಪಾಧ್ಯಾಯರನ್ನೂ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನೂ ಕಂಡು, ತಮ್ಮ ಉದ್ದೇಶವನ್ನು ಬಿಚ್ಚಿ ಹೇಳಿ, ಅವರ ಮಾತನ್ನು ಕೇಳಿಕೊಂಡೇ ಮುಂದುವರಿಯುವುದು ವಿವೇಕ. ಜನನ ಪ್ರಮಾಣಪತ್ರವನ್ನೂ, ಮಗು ಶಾಲೆ ಬಿಟ್ಟಿದ್ದರೆ ವರ್ಗಾವಣೆ ಪತ್ರವನ್ನೂ ಜೋಪಾನವಾಗಿರಿಸಬೇಕು. ಮಗುವನ್ನು ಮರಳಿ ಶಾಲೆಗೆ ಸೇರಿಸಬೇಕೆನಿಸಿದರೆ, ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕೆಂದು ಅದೇ ಕಾಯಿದೆ ಹೇಳುತ್ತದೆ.

ಆರಂಭದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಶಾಲೆಯ ವೇಳಾಪಟ್ಟಿಯನ್ನು ಮನೆಗೆ ಹೊತ್ತು ತರುವುದರಲ್ಲಿ. ಹತ್ತು ಗಂಟೆಗೆ ಗಣಿತ, ಹನ್ನೊಂದಕ್ಕೆ ಕನ್ನಡ ಎಂದು ಕೂರಿಸಿದರೆ ಒಂದು ವಾರದೊಳಗೆ ತಾಯಿಯೂ ಬಳಲುತ್ತಾಳೆ, ಮಗುವೂ ಮುನಿಯುತ್ತದೆ. ಮೊದಲ ಕೆಲವು ವಾರಗಳು ಮಗುವನ್ನು ನೋಡುವುದಕ್ಕೇ ಮೀಸಲಾಗಲಿ: ಅದು ಯಾವುದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತದೆ, ಯಾವ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಓದು ಬರಹ ಮನೆಯ ನುಡಿಯಿಂದಲೇ ಮೊದಲಾಗಲಿ. ಕೊಂಕಣಿಯಲ್ಲಿ ಅಜ್ಜಿ ಹೇಳಿದ ಕಥೆಯನ್ನು ಮಗು ಕನ್ನಡ ಲಿಪಿಯಲ್ಲಿ ಬರೆದರೆ, ಒಂದೇ ಪಾಠದಲ್ಲಿ ಎರಡು ನುಡಿಗಳಿಗೂ ಮರ್ಯಾದೆ ಸಂದಂತಾಯಿತು.

ಲೆಕ್ಕವನ್ನು ಕಲಿಸುವ ಬಗೆಯೊಂದನ್ನು ಹತ್ತಿರದಿಂದ ನೋಡೋಣ. ಹಿತ್ತಿಲಲ್ಲಿ ಬಿದ್ದಿರುವ ತೆಂಗಿನ ದಿಮ್ಮಿಯ ಬಳಿಗೆ ಮಕ್ಕಳನ್ನು ಕರೆದೊಯ್ದು, ಚಿಕ್ಕವನ ಕೈಗೆ ಸೆಣಬಿನ ಹುರಿಯೊಂದನ್ನು ಕೊಡಿರಿ. ದಿಮ್ಮಿಯ ಸುತ್ತ ಒಂದು ಸುತ್ತು ತಂದು, ಕೂಡಿದೆಡೆಯಲ್ಲಿ ಗುರುತು ಮಾಡಿ, ಬಿಚ್ಚಿ ಅಳೆದಾಗ 80 ಸೆಂಟಿಮೀಟರ್ ಬಂದಿತೆನ್ನೋಣ. ಅದನ್ನು ಎರಡು ಸಲ ಮಡಿಚಿದರೆ 20. ಇದು ಸುತ್ತಳತೆಯ ಕಾಲುಭಾಗ. ಈ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸುವುದು ನಾಟಾ ವ್ಯಾಪಾರದಲ್ಲಿ ಬಹುಕಾಲದಿಂದ ಬಂದಿರುವ ಲೆಕ್ಕ. ಅದರಂತೆ 3 ಮೀಟರ್ ಉದ್ದದ ದಿಮ್ಮಿಗೆ 0.12 ಘನಮೀಟರ್ ಆಗುತ್ತದೆ. ಈಗ ಹಿರಿಯ ಮಗಳು ಕೊಯ್ದ ತುದಿಯ ವ್ಯಾಸವನ್ನು ಅಳೆಯಲಿ. ಸುಮಾರು 25.5 ಸೆಂಟಿಮೀಟರ್ ಬಂದೀತು. ವೃತ್ತದ ಸೂತ್ರದಿಂದ ಲೆಕ್ಕ ಹಾಕಿದರೆ ಘನಫಲ ಸುಮಾರು 0.153. ಒಂದೇ ದಿಮ್ಮಿಗೆ ಎರಡು ಉತ್ತರಗಳೇಕೆ? ಹಳೆಯ ಲೆಕ್ಕವು ದುಂಡುಮರವನ್ನು ಚೌಕಮಾಡುವಾಗ ಕಳೆದುಹೋಗುವ ಭಾಗವನ್ನು ಮೊದಲೇ ಬಿಟ್ಟುಕೊಡುತ್ತದೆ. ಅಷ್ಟರಲ್ಲಿ, ಸುತ್ತಳತೆಯು ವ್ಯಾಸದ ಮೂರು ಪಟ್ಟಿಗಿಂತ ತುಸು ಹೆಚ್ಚೆಂಬ ಸತ್ಯವನ್ನು ಚಿಕ್ಕವನ ಹುರಿಯೂ ಹೇಳಿರುತ್ತದೆ. ಒಂದು ಮಧ್ಯಾಹ್ನದಲ್ಲಿ ಇಬ್ಬರೂ, ತಮ್ಮ ತಮ್ಮ ವಯಸ್ಸಿಗೆ ತಕ್ಕಷ್ಟು, ಕಲಿತರು.

ಗೃಹಶಿಕ್ಷಣಕ್ಕೆ ಹೆಚ್ಚಿನ ವೆಚ್ಚವೇನೂ ಬೇಡ. ರಾಜ್ಯದ ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ಒಟ್ಟಿಗೆ ಕಲಿಸುವುದಕ್ಕೆ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯ ಚಟುವಟಿಕೆಗಳು ಒಳ್ಳೆಯ ಮಾದರಿ. ಗ್ರಾಮ ಪಂಚಾಯತಿ ಗ್ರಂಥಾಲಯಗಳು 'ಓದುವ ಬೆಳಕು' ಯೋಜನೆಯಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತವೆ. ಪರೀಕ್ಷೆಯ ಚಿಂತೆಯುಳ್ಳವರಿಗೆ, 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಓಎಸ್, ಇದೆ. ಅದರ ಮೂಲಶಿಕ್ಷಣದ ಮೂರು ಹಂತಗಳು 3, 5 ಮತ್ತು 8ನೆಯ ತರಗತಿಗಳಿಗೆ ಸಮಾನ, ಮತ್ತು 14 ವರ್ಷ ತುಂಬಿದವರು ಹತ್ತನೆಯ ತರಗತಿಗೆ ಸಮಾನವಾದ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು.

ಪುಸ್ತಕಕ್ಕಿಂತ ದುರ್ಲಭವಾದುದು ಒಡನಾಟ. ಶಾಲೆಯಲ್ಲಿ ತಾನಾಗಿ ದೊರೆಯುವ ಗೆಳೆತನ, ಜಗಳ, ರಾಜಿಗಳನ್ನು ಮನೆಯವರು ಪ್ರಯತ್ನಪಟ್ಟು ಒದಗಿಸಬೇಕಾಗುತ್ತದೆ. ಸಂಜೆ ಶಾಲೆ ಬಿಟ್ಟ ನೆರೆಯ ಮಕ್ಕಳು ಬರಲಿ. ಯಕ್ಷಗಾನದ ತಾಳ ಬಲ್ಲವರು, ಬುಟ್ಟಿ ಹೆಣೆಯುವವರು, ಜೇನು ಸಾಕುವವರು ಒಂದೊಂದು ದಿನ ಗುರುಗಳಾಗಲಿ. ನಮ್ಮ ಹಳೆಯ ಜಗಲಿ ಮನೆಯ ಭಾಗವೇ ಆಗಿದ್ದರೂ ಅದರ ಮುಖ ಅಂಗಳದತ್ತ ಇರುತ್ತಿತ್ತು. ದಾರಿಹೋಕನೂ ಬಂದು ಕುಳಿತು, ಒಂದು ಲೋಟ ನೀರು ಕುಡಿದು, ಎರಡು ಮಾತನಾಡಿ ಹೋಗುತ್ತಿದ್ದನು. ಗೃಹಶಿಕ್ಷಣವನ್ನು ಆರಂಭಿಸುವವರು ಪಾಠವನ್ನು ಒಳಕೋಣೆಯಲ್ಲಲ್ಲ, ಆ ಜಗಲಿಯ ಮೇಲೆ ಹೂಡಬೇಕು.