ನಮ್ಮ ಮಾಡಿನ ಮೇಲಿನ ಬಿಸಿಲಿನ ಲೆಕ್ಕ



ಕಳೆದ ತಿಂಗಳು ಝುಹ್ರ್ ನಮಾಝಿನ ಬಳಿಕ ನಮ್ಮ ಜಮಾಅತಿನ ಒಬ್ಬರು ಕೇಳಿದರು: “ಉಸ್ತಾದರೇ, ಪಾವಗಡದಲ್ಲಿ ಅಂಗಡಿ ಇಟ್ಟಿರುವ ಭಾವ ಸೋಲಾರ್ ಹಾಕಿಸಿದ್ದಾರೆ, ತುಂಬಾ ಲಾಭ ಅಂತಾರೆ. ಮಗಳ ಮದುವೆಗೆ ಕೂಡಿಟ್ಟ ದುಡ್ಡಲ್ಲಿ ನಾನೂ ಹಾಕಿಸಲಾ?” ದುಡ್ಡು ಹಾಕುವ ಮೊದಲು ಊರಿನ ಹವೆಯ ಲೆಕ್ಕ ತಿಳಿದಿರಬೇಕು.

ಪಾವಗಡ ಮಳೆ ಕಡಿಮೆ ಬೀಳುವ ಬಯಲುಸೀಮೆ. ವರ್ಷದ ಹೆಚ್ಚಿನ ದಿನ ಅಲ್ಲಿ ಒಳ್ಳೆಯ ಬಿಸಿಲಿರುತ್ತದೆ. ಆದ್ದರಿಂದಲೇ ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಬಂತು. ರೈತರು ಜಮೀನು ಮಾರದೆ ಗುತ್ತಿಗೆಗೆ ಕೊಟ್ಟರು. ನಮ್ಮ ಕರಾವಳಿಯಲ್ಲಾದರೋ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮೋಡ ಕವಿದಾಗ ಪ್ಯಾನೆಲ್ ಪೂರ್ತಿ ನಿಲ್ಲುವುದಿಲ್ಲ, ಆದರೆ ಉತ್ಪಾದನೆ ಬಹಳ ಇಳಿಯುತ್ತದೆ.

ಸೆಕೆ ಹೆಚ್ಚಿದಷ್ಟೂ ಕರೆಂಟ್ ಹೆಚ್ಚು ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಬಿಸಿಯಲ್ಲ. ಅದರ ಉಷ್ಣತೆ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಶೇಕಡಾ 0.3ರಿಂದ 0.4ರಷ್ಟು ಶಕ್ತಿ ಕುಗ್ಗುತ್ತದೆ. ಹಾಗಾಗಿ ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡಬೇಕು. ಬಯಲುಸೀಮೆಯಲ್ಲಿ ಧೂಳಿನ ಕಾಟವೂ ಇದೆ. ಆಗಾಗ ತೊಳೆಯದಿದ್ದರೆ ಅಲ್ಲಿಯೂ ನಷ್ಟವೇ.

ವರ್ಷದ ಹೆಚ್ಚು ಕಾಲ ನಡುಮಧ್ಯಾಹ್ನದ ಸೂರ್ಯ ನಮಗೆ ದಕ್ಷಿಣದಲ್ಲಿರುತ್ತಾನೆ. ಆದ್ದರಿಂದ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ, ಮಂಗಳೂರಿನ ಅಕ್ಷಾಂಶದಂತೆ ಸುಮಾರು 13 ಡಿಗ್ರಿ ವಾಲಿರಬೇಕು. ಒಂದು ಪ್ಯಾನೆಲಿನ ಮೂಲೆಗೆ ತೆಂಗಿನ ನೆರಳು ಬಿದ್ದರೂ ಅದರೊಂದಿಗೆ ಜೋಡಿಸಿದ ಉಳಿದವುಗಳ ಉತ್ಪಾದನೆಯೂ ಇಳಿಯಬಹುದು. ಬೆಳಿಗ್ಗೆ ಒಂಬತ್ತರಿಂದ ಅಸರ್ ಬಾಂಗಿನವರೆಗೆ ನೆರಳು ಎಲ್ಲೆಲ್ಲಿ ಸರಿಯುತ್ತದೆಂದು ಒಂದು ದಿನ ಮಾಡಿನ ಮೇಲೆ ನಿಂತು ನೋಡಿ. ಡಿಸೆಂಬರಿನಲ್ಲಿ ನೆರಳು ಇನ್ನೂ ಉದ್ದ ಎಂಬುದು ನೆನಪಿರಲಿ.

ನೆರಳಿಲ್ಲದ ಕಡೆ 1 ಕಿಲೋವಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ: ಮಾರ್ಚ್‌ನಲ್ಲಿ ಹೆಚ್ಚು, ಜುಲೈಯಲ್ಲಿ ಕಡಿಮೆ. ಹಾಗಾಗಿ ಒಂದು ತಿಂಗಳಿನದಲ್ಲ, ಹನ್ನೆರಡು ತಿಂಗಳ ಬಿಲ್ಲು ಮುಂದಿಟ್ಟು ಲೆಕ್ಕ ಹಾಕಿ. ಇನ್ನೊಂದು ಮಾತು: ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಮಳೆಗಾಲದಲ್ಲಿ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಕಂಬದಲ್ಲಿ ಕೆಲಸ ಮಾಡುವ ಲೈನ್‌ಮ್ಯಾನ್‌ನ ಜೀವ ಉಳಿಸಲು ಮಾಡಿದ ವ್ಯವಸ್ಥೆ ಅದು.

ಆ ಸಹೋದರರ ಮನೆಗೆ ಹೋಗಿ ನೋಡಿದೆ. ಮಾಡಿನ ದಕ್ಷಿಣಕ್ಕೇ ಎರಡು ಫಲ ಕೊಡುವ ತೆಂಗಿನ ಮರಗಳು. “ಮದುವೆ ಮುಗಿಯಲಿ. ಆಮೇಲೆ ನೆರಳು ಬೀಳದ ಆ ಮೂಲೆಗೆ ಹಿಡಿಯುವಷ್ಟು ಚಿಕ್ಕದನ್ನೇ ಹಾಕಿಸಿ” ಎಂದೆ. ಭಾವನ ಮಾಡಿನ ಬಿಸಿಲನ್ನು ನಂಬಿ ನಮ್ಮ ಮಾಡಿಗೆ ದುಡ್ಡು ಸುರಿಯಬಾರದಲ್ಲವೇ?