ಹೊಳೆಯಾಚೆ ಕಳೆವ ಒಂದು ವರ್ಷ

ಬೆಂಗಳೂರಿನ ಬ್ರೂಕ್‌ಫೀಲ್ಡ್‌ನಲ್ಲಿ ಬೆಳೆದ ಹುಡುಗ ಇಪ್ಪತ್ತೆರಡು ತುಂಬುವಷ್ಟರಲ್ಲಿ ಬಿ.ಇ. ಮುಗಿಸಿ ಕ್ಯಾಂಪಸ್ ಸೆಲೆಕ್ಷನ್ ಪತ್ರವನ್ನೂ ಕೈಲಿ ಹಿಡಿದಿರುತ್ತಾನೆ. ಸಿಎಂಆರ್‌ಐಟಿ ಕಾಲೇಜಿನ ಗೇಟಿಗೂ ಐಟಿಪಿಎಲ್ ಟೆಕ್ ಪಾರ್ಕಿನ ಗೇಟಿಗೂ ದೂರ ಬಹಳವಿಲ್ಲ. ನಡುವೆ ಒಂದು ವರ್ಷ ಊರೂರು ತಿರುಗಿ ಬರುತ್ತೇನೆಂದರೆ ಯಾವ ಮನೆಯಲ್ಲೂ ಸುಲಭಕ್ಕೆ ಒಪ್ಪುವುದಿಲ್ಲ. ಹಾಗಾಗಿ ತಿರುಗಾಟವೆಲ್ಲ ವಾರಾಂತ್ಯಕ್ಕೆ: ಶುಕ್ರವಾರ ರಾತ್ರಿ ಕುಂದಲಹಳ್ಳಿ ಗೇಟಿನಲ್ಲಿ ಸ್ಲೀಪರ್ ಬಸ್ ಹತ್ತಿ ಹಂಪಿಗೋ ಗೋಕರ್ಣಕ್ಕೋ ಹೋಗುವುದು, ಸೋಮವಾರ ಬೆಳಗ್ಗೆ ಇಳಿದವರೇ ಆಫೀಸಿಗೆ ಓಡುವುದು. ಅಲ್ಲಿ ಅವರಿಗೆ ಸಿಗುವ ಇಸ್ರೇಲಿ ಯುವಕ ಯುವತಿಯರು ಹೆಚ್ಚುಕಡಿಮೆ ಅದೇ ವಯಸ್ಸಿನವರು. ಆದರೆ ಅವರು ಬಂದು ತಿಂಗಳುಗಳೇ ಆಗಿರುತ್ತವೆ, ಕಾಲೇಜಿಗೆ ಇನ್ನೂ ಸೇರಿಯೇ ಇರುವುದಿಲ್ಲ.

ಆ ದೇಶದಲ್ಲಿ ಹೈಸ್ಕೂಲು ಮುಗಿದ ಕೂಡಲೇ ಹೆಚ್ಚಿನವರಿಗೆ ಸೇನೆಯ ಕರೆ ಬರುತ್ತದೆ. ಹುಡುಗಿಯರಿಗೆ ಸುಮಾರು ಎರಡು ವರ್ಷ, ಹುಡುಗರಿಗೆ ಮೂರು ವರ್ಷಕ್ಕೆ ಹತ್ತಿರ. ಸಮವಸ್ತ್ರ ಕಳಚಿಟ್ಟ ಮೇಲೆ ಕೆಲವು ತಿಂಗಳು ಹೋಟೆಲಲ್ಲೋ ಕಟ್ಟಡದ ಕೆಲಸದಲ್ಲೋ ದುಡಿದು ಕೈಯಲ್ಲಿ ಒಂದಿಷ್ಟು ಕಾಸು ಮಾಡಿಕೊಂಡು, ಗೆಳೆಯರ ಗುಂಪು ಕಟ್ಟಿಕೊಂಡು ದಕ್ಷಿಣ ಅಮೆರಿಕಕ್ಕೋ ಏಷ್ಯಾಕ್ಕೋ ಹೊರಡುವುದು ಅಲ್ಲಿನ ರೂಢಿ. ವಿಶ್ವವಿದ್ಯಾಲಯ ಆಮೇಲೆ. ಭಾರತ ಇಸ್ರೇಲನ್ನು 1950ರ ಸೆಪ್ಟೆಂಬರ್‌ನಲ್ಲೇ ಮಾನ್ಯ ಮಾಡಿದ್ದರೂ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆದದ್ದು 1992ರ ಜನವರಿಯಲ್ಲಿ. ಬಾಗಿಲು ತೆರೆದ ಮೇಲೆ ಗುಂಪುಗಳು ಹಿಮಾಚಲಕ್ಕೆ ಬಂದವು, ಗೋವಾಕ್ಕೆ ಬಂದವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದಾಗ ಗೋವಾದಿಂದ ಗೋಕರ್ಣ ಕೆಲವೇ ಗಂಟೆಗಳ ದಾರಿಯಾಯಿತು. ವಾಸ್ಕೋದಿಂದ ಹೊಸಪೇಟೆಗೂ ರೈಲಿತ್ತು. ಗೋಕರ್ಣದ ಕುಡ್ಲೆ, ಓಂ ಕಡಲತೀರ, ಅಲ್ಲಿಂದ ಹಂಪಿ ಎಂಬ ಸರಣಿ ಹುಟ್ಟಿದ್ದು ಹೀಗೆ. ಒಬ್ಬರು ಇನ್ನೊಬ್ಬರಿಗೆ ಹೇಳಿದ್ದೇ ಅದಕ್ಕೆ ಸಿಕ್ಕ ಪ್ರಚಾರ.

ಹಂಪಿಯಲ್ಲಿ ಅವರ ನೆಲೆ ಹೊಳೆಯಾಚೆಯ ವಿರೂಪಾಪುರಗಡ್ಡೆಯಾಗಿತ್ತು. ಹರಿಗೋಲಲ್ಲೋ ದೋಣಿಯಲ್ಲೋ ತುಂಗಭದ್ರೆ ದಾಟಿದರೆ ಭತ್ತದ ಗದ್ದೆ, ಬಂಡೆ, ಜೋಕಾಲಿ ಕಟ್ಟಿದ ಗೆಸ್ಟ್‌ಹೌಸ್‌ಗಳು, ಹೀಬ್ರೂ ಅಕ್ಷರದ ಬೋರ್ಡು ಕಾಣುತ್ತಿದ್ದವು. ಗಂಗಾವತಿ ಸೀಮೆಯ ಹುಡುಗರು ಟೊಮೆಟೊ ಗೊಜ್ಜಿನಲ್ಲಿ ಮೊಟ್ಟೆ ಒಡೆದು ಬೇಯಿಸುವ ಶಕ್‌ಶೂಕವನ್ನೂ, ಕಡಲೆ ಅರೆದು ಮಾಡುವ ಹಮ್ಮಸ್ಸನ್ನೂ ಕಲಿತರು. ಪಾರಂಪರಿಕ ಪ್ರದೇಶದಲ್ಲಿ ಈ ಕಟ್ಟಡಗಳು ಅಕ್ರಮವೆಂಬ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2020ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಮಾರ್ಚ್‌ನಲ್ಲಿ ಅವನ್ನು ನೆಲಸಮ ಮಾಡಲಾಯಿತು. ಪರಂಪರೆ ಉಳಿಯಬೇಕಾದ್ದೇ. ಆದರೂ ಅಲ್ಲಿ ದುಡಿಯುತ್ತಿದ್ದವರ ಹೊಟ್ಟೆಪಾಡಿಗೆ ಬದಲಿ ದಾರಿಯನ್ನು ಮೊದಲೇ ತೋರಿಸಬೇಕಿತ್ತು ಎಂದೇ ನನಗನ್ನಿಸುತ್ತದೆ. ಈಗ ಬರುವ ಪ್ರವಾಸಿಗರ ವಸತಿ ಹೆಚ್ಚಾಗಿ ಆನೆಗೊಂದಿ, ಸಾಣಾಪುರದ ಕಡೆ.

ವರ್ಷವಿಡೀ ಮನೆಯಿಂದ ದೂರ ಇರುವವರಿಗೆ ಹಬ್ಬಗಳು ದಾರಿಯಲ್ಲೇ ಬರುತ್ತವೆ. ಪ್ರತಿ ಶುಕ್ರವಾರ ಹೊತ್ತು ಮುಳುಗುವ ಮುಂಚೆ ಮೇಣದ ಬತ್ತಿ ಹಚ್ಚಿದರೆ ಸಬ್ಬತ್ತು, ವಾರದ ವಿಶ್ರಾಂತಿಯ ದಿನ. ದೊಡ್ಡ ಹಬ್ಬಗಳೋ, ನಮ್ಮ ಪಂಚಾಂಗಕ್ಕೆ ಅಚ್ಚರಿಯಾಗುವಷ್ಟು ಹತ್ತಿರ. ಅವರದೂ ಚಂದ್ರನ ತಿಂಗಳು, ಸೂರ್ಯನ ವರ್ಷ. 19 ವರ್ಷಕ್ಕೆ 7 ಅಧಿಕ ಮಾಸ ಸೇರಿಸಿ ಎರಡನ್ನೂ ಹೊಂದಿಸುತ್ತಾರೆ. 2025ನ್ನೇ ನೋಡಿ: ವೇಷ ಕಟ್ಟಿ ಕುಣಿಯುವ ಪೂರೀಮ್ ಹಬ್ಬ ಮಾರ್ಚ್ 14ಕ್ಕೆ, ಹೋಳಿಯ ದಿನವೇ. ಅವರ ಹೊಸ ವರ್ಷ ಶುರುವಾದದ್ದು ಸೆಪ್ಟೆಂಬರ್ 22ರ ಸಂಜೆ, ಮಹಾಲಯ ಅಮಾವಾಸ್ಯೆಯ ಮರುದಿನ. ಪಸ್ಕ ಹಬ್ಬದ ಮೊದಲ ರಾತ್ರಿ ಏಪ್ರಿಲ್ 12, ದವನದ ಹುಣ್ಣಿಮೆ. ಹಂಪಿಯಲ್ಲಿ ವಿರೂಪಾಕ್ಷನ ತೇರಿನ ಕಾಲವೂ ಅದೇ.

ಪಸ್ಕದಲ್ಲಿ ಹುಳಿಸಿದ ರೊಟ್ಟಿ ನಿಷಿದ್ಧ. ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಬೆಂದ ಮತ್ಸಾ ಮಾತ್ರ ಸಲ್ಲುತ್ತದೆ. ಅದು ಗೋಧಿಯದಾದರೂ ನಮ್ಮ ಕಡಕ್ ರೊಟ್ಟಿಯ ಹಾಗೆ ಮುರಿದರೆ ಪಟ್ಟೆನ್ನುತ್ತದೆ. ಊಟಕ್ಕೆ ಮೊದಲು ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರು ನಾಲ್ಕು ಪ್ರಶ್ನೆ ಕೇಳಬೇಕು, ಈಜಿಪ್ಟಿನ ದಾಸ್ಯದಿಂದ ಹೊರಬಂದ ಕತೆಯನ್ನು ಹಿರಿಯರು ಹೇಳಬೇಕು. ಪೂರ್ವ ಯುರೋಪಿನ ಮೂಲದ ಮನೆಗಳಲ್ಲಿ ಹಬ್ಬ ಮುಗಿಯುವತನಕ ಅನ್ನವನ್ನೂ ಉಣ್ಣುವುದಿಲ್ಲ, ಇರಾಕ್ ಯೆಮೆನ್ ಕಡೆಯ ಹಲವರು ಉಣ್ಣುತ್ತಾರೆ. ಭತ್ತದ ಕಣಜವೆನಿಸಿದ ಗಂಗಾವತಿಯಲ್ಲಿ ಕೂತು ಪಸ್ಕ ಮಾಡುವ ಗುಂಪಿಗೆ ಈ ವ್ಯತ್ಯಾಸ ಅಡುಗೆಮನೆಯಲ್ಲೇ ಎದುರಾಗುತ್ತದೆ.

ನನಗೆ ಇವೆಲ್ಲಕ್ಕಿಂತ ಹತ್ತಿರವಾದದ್ದು ಪರ್ಣಶಾಲೆಗಳ ಹಬ್ಬ, ಸುಕ್ಕೋತ್. ಏಳು ದಿನ ಗುಡಿಸಲಲ್ಲಿ ಉಣ್ಣಬೇಕು. ಮಾಡಿಗೆ ಕಡಿದ ಸೊಪ್ಪು, ಗರಿಗಳೇ ಆಗಬೇಕು. ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ರಾತ್ರಿ ಸಂದಿಯಿಂದ ನಕ್ಷತ್ರ ಕಾಣಬೇಕು. ಗೋಕರ್ಣದಲ್ಲಿ ತೆಂಗಿನ ಮಡಲಿಗೆ ಬರವಿಲ್ಲ. 2025ರಲ್ಲಿ ಈ ಹಬ್ಬ ಶುರುವಾದ ಅಕ್ಟೋಬರ್ 6, ನಮ್ಮ ಸೀಗಿ ಹುಣ್ಣಿಮೆಯ ಹೊತ್ತು. ಮಲೆನಾಡಿನ ಭೂಮಿ ಹುಣ್ಣಿಮೆಯೂ ಅದೇ. ದೀವರ ಮನೆಯ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಭತ್ತದ ಸಸಿಯನ್ನೂ ಏಣಿಯನ್ನೂ ಬರೆದು, ರಾತ್ರಿಯಿಡೀ ಅಡುಗೆ ಮಾಡಿ, ಬೆಳಕು ಹರಿಯುವ ಮುನ್ನ ಬಸುರಿ ಪೈರಿಗೆ ಬಯಕೆ ಉಣಬಡಿಸಲು ಗದ್ದೆಗೆ ಹೋಗುತ್ತಾರೆ. ಅಲ್ಲಿಯದು ಸುಗ್ಗಿ ಕೈಗೆ ಬಂದ ಸಂಭ್ರಮ, ಇಲ್ಲಿಯದು ಬರಲಿರುವ ಸುಗ್ಗಿಯ ಹಾರೈಕೆ.

ಕರ್ನಾಟಕಕ್ಕೆ ಯಹೂದಿಗಳು ಬಂದದ್ದು ಈ ಹುಡುಗರ ಕಾಲದಲ್ಲಲ್ಲ. ಟ್ಯುನೀಷಿಯದಿಂದ ಹೊರಟ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ 1132ರಲ್ಲಿ ಮಂಗಳೂರಿನಲ್ಲಿದ್ದ. ಅಶು ಎಂಬ ತುಳುನಾಡ ಹೆಣ್ಣನ್ನು ಆ ವರ್ಷ ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಕೈರೋದ ಸಿನಗಾಗಿನಲ್ಲಿ ಸಿಕ್ಕಿದ ಕಾಗದಗಳಲ್ಲಿದೆ. 1149ರತನಕ ಇಲ್ಲಿದ್ದು ಹಿತ್ತಾಳೆ ಕಂಚಿನ ಕಾರ್ಖಾನೆ ನಡೆಸಿದ. ಈ ಕರಾವಳಿಯಲ್ಲಿ ಬರೆಯುವ ಕಾಗದ ಸಿಗದೆ ಏಡನ್ನಿನ ಗೆಳೆಯರಿಂದ ತರಿಸಿಕೊಳ್ಳುತ್ತಿದ್ದ. ಅವನ ಆಳು ಬೊಮ್ಮನನ್ನು ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಹುಡುಕಿಕೊಂಡು ಹೋದರು. ಹಿಟ್ಲರನ ಜರ್ಮನಿ ಬಿಟ್ಟ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಅವರವೇ. ಬ್ರೂಕ್‌ಫೀಲ್ಡ್‌ನವರು ಕುಂದಲಹಳ್ಳಿಯಲ್ಲಿ ನೇರಳೆ ಮೆಟ್ರೊ ಹತ್ತಿದರೆ ರೈಲು ಬದಲಿಸದೆಯೇ ಮೈಸೂರು ರಸ್ತೆ ತಲುಪಬಹುದು. ಆ ರಸ್ತೆಯಲ್ಲಿರುವ ಯಹೂದಿ ಸ್ಮಶಾನಕ್ಕೆ 1904ರಲ್ಲಿ ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು.

ಈ ಅಲೆದಾಟಕ್ಕೆ ನೋವಿನ ಮುಖವೂ ಇದೆ. 2023ರ ಅಕ್ಟೋಬರ್ 7ರಂದು, ಸುಕ್ಕೋತ್ ಋತು ಮುಗಿಯುವ ಹಬ್ಬದ ದಿನವೇ, ಹಮಾಸ್ ದಾಳಿಯಾಯಿತು. ಮೀಸಲು ಪಡೆಯ ಕರೆ ಬಂದು ಪ್ರವಾಸದಲ್ಲಿದ್ದ ಎಷ್ಟೋ ಮಂದಿ ವಿಮಾನ ಹಿಡಿದರು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು. ಈಗ ಬರುವವರ ಜೊತೆ ಆ ಭಾರವೂ ಬರುತ್ತದೆ. ಇತ್ತ 2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಕಾಲುವೆ ಬಳಿ ಇಸ್ರೇಲಿ ಪ್ರವಾಸಿಯೊಬ್ಬರ ಮೇಲೂ ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೂ ಅತ್ಯಾಚಾರ ನಡೆಯಿತು, ಕಾಲುವೆಗೆ ತಳ್ಳಲಾದ ಒಡಿಶಾದ ಯುವಕ ತೀರಿಕೊಂಡ. ನಮ್ಮ ನೆಲವನ್ನು ನಂಬಿ ಬಂದವರಿಗೆ ಆದ ಈ ಅನ್ಯಾಯ ನಮ್ಮ ತಲೆ ತಗ್ಗಿಸುವಂಥದ್ದು.

2026ರಲ್ಲಿ ಎರಡು ಪಂಚಾಂಗಗಳೂ ಸ್ವಲ್ಪ ಕಾಲ ಬೇರೆಯಾಗುತ್ತವೆ. ನಮಗೆ ಅಧಿಕ ಜ್ಯೇಷ್ಠ ಬರುವುದರಿಂದ ಅವರ ಹೊಸ ವರ್ಷ ಮಹಾಲಯವನ್ನು ಬಿಟ್ಟು ಗಣೇಶನ ಹಬ್ಬದ ಹತ್ತಿರ ಬೀಳುತ್ತದೆ. ಅವರ ಅಧಿಕ ಮಾಸ 2027ರ ಆರಂಭದಲ್ಲಿ ಬಂದ ಮೇಲೆ ಲೆಕ್ಕ ಮತ್ತೆ ಸರಿಹೋಗಿ, ಏಪ್ರಿಲ್ 20ಕ್ಕೆ ದವನದ ಹುಣ್ಣಿಮೆ, ಮರುದಿನ ಸಂಜೆ ಪಸ್ಕ. ತೇರು ನೋಡಲು ಹೊರಡುವವರು ಆ ವಾರ ಎರಡು ದಿನ ರಜೆ ಹಾಕಿಕೊಂಡರೆ ಹೊಳೆಯ ಎರಡೂ ದಡದ ಹಬ್ಬ ನೋಡಿ ಬರಬಹುದು.