ಪಾತ್ರ ಬೇರೆ, ಪಾತ್ರಧಾರಿ ಬೇರೆ!

‘ಈ ರಾತ್ರಿ ಕಾಡಿನಲ್ಲೇ ನನ್ನ ಕೊನೆ. ನನ್ನನ್ನು ಯಾರೂ ಹುಡುಕಬೇಡಿ.’

ರಾತ್ರಿ ಹತ್ತೂವರೆಗೆ ನಿಮ್ಮ ಮಗಳ ಮೊಬೈಲ್‌ನಲ್ಲಿ ಇಂಥ ಸಾಲು ಕಣ್ಣಿಗೆ ಬಿದ್ದರೆ ಏನು ಮಾಡ್ತೀರಿ? ಹಾಲಿಗೆ ಹೆಪ್ಪು ಹಾಕುತ್ತಿದ್ದ ನಾನು ಹಾಗೇ ನಿಂತುಬಿಟ್ಟೆ. ಒಂಬತ್ತನೇ ಕ್ಲಾಸಿನ ಹುಡುಗಿ, ಬಾತ್‌ರೂಮಿನಲ್ಲಿ ಹಲ್ಲುಜ್ಜುತ್ತಾ ಹಾಡು ಗುನುಗುತ್ತಿದ್ದಾಳೆ. ಅದು ಕಿವಿಗೆ ಬೀಳುತ್ತಿದ್ದರೂ ಎದೆ ಡವಡವ. ಬುದ್ಧಿ ಓಡಲೇ ಇಲ್ಲ. ಅಲ್ಲೇ ಟೈಪ್ ಮಾಡಿದೆ: ‘ನಾನು ಇವಳ ತಾಯಿ. ನೀವೆಲ್ಲ ಯಾರು? ನನ್ನ ಮಗಳಿಗೆ ಏನು ಮಾಡ್ತಿದ್ದೀರಿ?’

ಸ್ವಲ್ಪ ಹೊತ್ತು ಆ ಕಡೆಯಿಂದ ಉತ್ತರವಿಲ್ಲ. ಆಮೇಲೆ ಯಾರೋ ಜೋಡಿ ಬ್ರ್ಯಾಕೆಟ್ ಹಾಕಿ ಇಂಗ್ಲಿಷಿನಲ್ಲಿ ಬರೆದರು. ಕನ್ನಡದಲ್ಲಿ ಹೇಳುವುದಾದರೆ, ((ನಮಸ್ತೆ ಆಂಟಿ, ಗಾಬರಿ ಆಗ್ಬೇಡಿ. ಇದು ಕಥೆ. ಸಾಯ್ತಿರೋದು ಅವಳ ಪಾತ್ರ, ಅವಳಲ್ಲ.))

ಮಗಳು ಎರಡು ದಿನ ಮಾತು ಬಿಟ್ಟಳು. ಮೊಬೈಲ್ ನೋಡಿದ್ದಕ್ಕಿಂತ ‘ಸೀನ್ ಮಧ್ಯೆ ನುಗ್ಗಿದ್ದಕ್ಕೆ’ ಅವಳಿಗೆ ಸಿಟ್ಟು! ಹತ್ತು ಜನ ಮೂರು ವಾರದಿಂದ ಕಟ್ಟಿದ್ದ ಕಥೆಯಂತೆ ಅದು.

ಇದಕ್ಕೆ ಟೆಕ್ಸ್ಟ್ ರೋಲ್‌ಪ್ಲೇ ಅಂತಾರೆ. ಓಡುವ ಕಾರಿಲ್ಲ, ಗುಂಡಿನ ಸದ್ದಿಲ್ಲ, ಬರೀ ಅಕ್ಷರ. ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ಸರದಿಯ ಮೇಲೆ ಬರೆಯುತ್ತಾ ಕಥೆ ಮುಂದುವರಿಸುತ್ತಾರೆ. ಸಾಗರದ ಕಡೆಯವರಾದ ನಮ್ಮತ್ತೆಗೆ ಇದನ್ನು ವಿವರಿಸಲು ಹೆಣಗಾಡುತ್ತಿದ್ದಾಗ ಅವರೇ ‘ವೇಷ ಇಲ್ಲ, ಕುಣಿತ ಇಲ್ಲ, ಮಾತೇ ಎಲ್ಲ. ತಾಳಮದ್ದಳೆ ಅನ್ನು ಮತ್ತೆ’ ಅಂದುಬಿಟ್ಟರು. ಹೌದಲ್ವೇ! ಕೃಷ್ಣ-ಕೌರವರಾಗಿ ಜಿದ್ದಿಗೆ ಬಿದ್ದವರು ಪ್ರಸಂಗ ಮುಗಿದ ಮೇಲೆ ಒಟ್ಟಿಗೆ ಕೂತು ಕಾಫಿ ಕುಡಿಯುವುದಿಲ್ಲವೇ?

ಹೊಸ ಹುಚ್ಚು ಅಂದುಕೊಳ್ಳಬೇಡಿ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ‘ಮಡ್’ ಎಂಬ ಅಕ್ಷರದಾಟ ಶುರು ಮಾಡಿದ, ಜೊತೆಗಾರ ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದ. ಅಂದರೆ ಈ ಆಟಕ್ಕೆ ನಿಮ್ಮ-ನನ್ನ ವಯಸ್ಸೋ, ಇನ್ನೂ ಸ್ವಲ್ಪ ಹೆಚ್ಚೋ ಆಗಿದೆ.

ಮೂರನೇ ದಿನ ಮಗಳೇ ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಹೇಳಿದಳು. ‘ಅಮ್ಮಾ, ಇನ್ನೊಬ್ಬರ ಪಾತ್ರದ ಮೈಮೇಲೆ ನಮಗೆ ಹಕ್ಕಿಲ್ಲ’ ಅನ್ನೋದು ಮೊದಲ ಪಾಠ. ‘ನನ್ನ ಕತ್ತಿ ನಿನ್ನ ತೋಳು ಕಡಿಯಿತು’ ಅಂತ ಬರೆಯುವ ಹಾಗಿಲ್ಲ. ‘ನಿನ್ನ ತೋಳಿನತ್ತ ಕತ್ತಿ ಬೀಸಿದೆ’ ಅಂತ ಬರೆದು ಸುಮ್ಮನಿರಬೇಕು. ತಪ್ಪಿಸಿಕೊಳ್ಳಬೇಕೋ, ಗಾಯ ಮಾಡಿಕೊಳ್ಳಬೇಕೋ, ಸಾಯಬೇಕೋ ಎನ್ನುವುದನ್ನು ಆ ಪಾತ್ರದವರೇ ತೀರ್ಮಾನಿಸಬೇಕು. ಎಲ್ಲವನ್ನೂ ತಾನೇ ಬರೆದುಬಿಡುವವನಿಗೆ ‘ಗಾಡ್‌ಮಾಡಿಂಗ್’ ಮಾಡ್ತಾನೆ, ಅಂದರೆ ದೇವರಂತೆ ಆಡ್ತಾನೆ ಎಂಬ ಬೈಗುಳ ಕಾದಿದೆ. ಕತ್ತಿಗಷ್ಟೇ ಅಲ್ಲ, ಪ್ರೀತಿಗೂ ಇದೇ ನಿಯಮ. ‘ಅವಳ ಕೈ ಹಿಡಿದೆ, ಅವಳು ನಾಚಿದಳು’ ಅಂತ ಬರೆಯಲು ನೀನ್ಯಾರು? ನಾಚುವುದೋ, ಕೆನ್ನೆಗೆ ಬಾರಿಸುವುದೋ ಅವಳಿಗೆ ಬಿಟ್ಟದ್ದು!

ನಿಜ ಹೇಳ್ತೀನಿ, ಈ ಒಂದು ನಿಯಮ ನನಗೆ ತುಂಬಾ ಇಷ್ಟವಾಯಿತು. ನಮ್ಮ ಎಷ್ಟೋ ಮನೆಗಳಲ್ಲಿ ‘ಅವಳಿಗೇನೂ ಬೇಜಾರಿಲ್ಲ ಬಿಡಿ’ ಅಂತ ನಮ್ಮ ಪರವಾಗಿ ಬೇರೆಯವರೇ ಹೇಳಿ ಮುಗಿಸಿರುತ್ತಾರೆ.

ಓದುಗರಾಗಿ ನಮಗೆ ತಿಳಿದದ್ದೆಲ್ಲ ಪಾತ್ರಕ್ಕೆ ತಿಳಿದಿರಬಾರದು ಅನ್ನೋದು ಇನ್ನೊಂದು. ಕಳ್ಳ ಅಟ್ಟದಲ್ಲಿ ಅಡಗಿದ್ದನ್ನು ನೀವು ಓದಿದ್ದೀರಿ, ನಿಜ. ಆದರೆ ಅಡುಗೆಮನೆಯಲ್ಲಿರುವ ನಿಮ್ಮ ಪಾತ್ರ ನೆಟ್ಟಗೆ ಅಟ್ಟ ಹತ್ತಿದರೆ ಅದು ಮೋಸ. ಎದುರಿನವರು ಹದಿನೈದು ಸಾಲು ಬರೆದಾಗ ‘ಹ್ಞೂಂ’ ಅಂತ ಒಂದೇ ಪದ ಹಾಕುವುದು ಒರಟುತನ. ಪರೀಕ್ಷೆ ಬಂದರೆ ‘ಎರಡು ವಾರ ಬರಲ್ಲ’ ಅಂತ ಹೇಳಿ ಹೋಗಬೇಕು. ಇವೆಲ್ಲ ನೆಂಟರ ಮನೆಯ ರೀತಿ-ರಿವಾಜಿನ ಥರವೇ.

ಜೋಡಿ ಬ್ರ್ಯಾಕೆಟ್ಟಿಗೆ ಇಲ್ಲಿ ಬಹಳ ಬೆಲೆ. ಅದರ ಹೊರಗೆ ಪಾತ್ರದ ಮಾತು, ಒಳಗೆ ನಿಜವಾದ ಮನುಷ್ಯನ ಮಾತು. ((ಈ ಸೀನ್ ನನಗೆ ಹಿಂಸೆ ಆಗ್ತಿದೆ, ನಿಲ್ಲಿಸೋಣ)) ಅಂತ ಯಾರಾದರೂ ಬರೆದರೆ ಸಭ್ಯ ಗುಂಪಿನಲ್ಲಿ ಅಲ್ಲಿಗೇ ನಿಲ್ಲುತ್ತದೆ, ಯಾಕೆ ಏನು ಅಂತ ಕೆದಕುವುದಿಲ್ಲ.

‘ಬರೀ ಅಕ್ಷರ ತಾನೇ, ಇಷ್ಟೆಲ್ಲ ಯಾಕೆ?’ ಅಂತ ಕೇಳಬಹುದು ನೀವು. ಅದಕ್ಕೆ ಅಮೆರಿಕದ ಒಂದು ಘಟನೆ ಹೇಳಬೇಕು. 1990ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಪಾವೆಲ್ ಕರ್ಟಿಸ್ ಎಂಬಾತ ‘ಲ್ಯಾಂಬ್ಡಾಮೂ’ ಎಂಬ ಅಕ್ಷರಗಳ ಲೋಕ ಕಟ್ಟಿದ. ಅದರ ನಡುವಿನ ಮನೆಗೆ ತನ್ನ ಸ್ವಂತ ಮನೆಯನ್ನೇ ಮಾದರಿ ಮಾಡಿಕೊಂಡಿದ್ದ. ಹೊಸಬರು ಕೋಟು ನೇತುಹಾಕುವ ಕಪಾಟಿನೊಳಗೆ ಬಂದಿಳಿದು, ಬಾಗಿಲು ತೆರೆದು ಹಾಲ್‌ಗೆ ಬರಬೇಕು. 1993ರ ಒಂದು ರಾತ್ರಿ ಆ ಹಾಲ್‌ನಲ್ಲಿ ‘ಮಿಸ್ಟರ್ ಬಂಗಲ್’ ಎಂಬ ಪಾತ್ರದ ಹಿಂದಿದ್ದವ ಒಂದು ಪ್ರೋಗ್ರಾಂ ಬಳಸಿ ಬೇರೆಯವರ ಪಾತ್ರಗಳನ್ನು ವಶ ಮಾಡಿಕೊಂಡ. ಅವು ತಾವಾಗಿಯೇ ಅಸಹ್ಯ ಕೆಲಸ ಮಾಡುತ್ತಿವೆ ಅನ್ನುವ ಹಾಗೆ ಎಲ್ಲರ ಪರದೆ ಮೇಲೆ ಸಾಲುಗಳು ಮೂಡಿದವು. ಯಾರ ಮೈಯನ್ನೂ ಯಾರೂ ಮುಟ್ಟಿರಲಿಲ್ಲ. ಆದರೂ ಅಂಥ ಒಂದು ಪಾತ್ರದ ಹಿಂದಿದ್ದ ಮಹಿಳೆ, ಮಾರನೇ ದಿನ ಅದನ್ನು ಖಂಡಿಸಿ ಬರೆಯುವಾಗ ತನ್ನ ಕೆನ್ನೆ ಮೇಲೆ ನಿಜವಾದ ಕಣ್ಣೀರು ಹರಿಯಿತು ಎಂದು ಪತ್ರಕರ್ತ ಜೂಲಿಯನ್ ಡಿಬೆಲ್‌ಗೆ ಹೇಳಿದಳು. ಅವನ ಲೇಖನ ಅದೇ ವರ್ಷದ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಬಂತು. ಅಲ್ಲಿನವರು ಸಭೆ ಸೇರಿ ಗಂಟೆಗಟ್ಟಲೆ ವಾದ ಮಾಡಿದರು. ಕೊನೆಗೆ ಮೇಲ್ವಿಚಾರಕರಲ್ಲೊಬ್ಬ ಆ ಪಾತ್ರವನ್ನೇ ಅಳಿಸಿಹಾಕಿದ. ಆಮೇಲೆ ಅರ್ಜಿ ಹಾಕಿ, ಮತ ಚಲಾಯಿಸಿ ನಿಯಮ ಮಾಡುವ ಪದ್ಧತಿಯೂ ಬಂತು.

ಇದನ್ನು ಮಗಳಿಗೆ ಓದಿ ಹೇಳಿದೆ. ಅವಳು ತಲೆ ತಗ್ಗಿಸಿ ಉಗುರು ಕೆರೆಯುತ್ತಾ ಕೂತಳು. ಆಮೇಲೆ ಮೆಲ್ಲಗೆ, ‘ನಮ್ಮ ಗುಂಪಲ್ಲೂ ಒಬ್ಬ ಇದ್ದಾನಮ್ಮ’ ಅಂದಳು.

ಅವನದು ರಾಜಕುಮಾರನ ಪಾತ್ರ, ಇವಳದು ಬೇಟೆಗಾತಿಯದು. ಕಥೆಯಲ್ಲಿ ಇಬ್ಬರಿಗೂ ಸ್ನೇಹ. ಒಂದು ದಿನ ಅವನು, ಗುಂಪು ಬಿಟ್ಟು ಪ್ರತ್ಯೇಕವಾಗಿ ಬರೆಯೋಣ ಅಂದ. ಆಮೇಲೆ ಬ್ರ್ಯಾಕೆಟ್ಟಿನೊಳಗೆ ಯಾವ ಸ್ಕೂಲು, ಯಾವ ಏರಿಯಾ ಅಂತ ಕೇಳಿದ. ಕಳೆದ ವಾರ ಫೋಟೋ ಕೇಳಿದ್ದಾನೆ. ಕಳಿಸಿಲ್ಲ ಪುಣ್ಯಕ್ಕೆ! ‘ಯಾಕೆ ಹೇಳ್ಲಿಲ್ಲ ಪುಟ್ಟಿ?’ ಅಂದರೆ, ‘ನೀನು ಮೊಬೈಲ್ ಕಿತ್ಕೋತೀಯ, ಆಮೇಲೆ ಎಲ್ಲರೂ ಹೋಗ್ತಾರೆ’ ಅಂದಳು. ಅವಳ ಮಾತು ಸುಳ್ಳಾಗಿರಲಿಲ್ಲ. ಮೊದಲು ನನ್ನ ಮನಸ್ಸಿಗೆ ಬಂದದ್ದು ಅದೇ.

ಕಿತ್ಕೊಳ್ಳಲಿಲ್ಲ. ಇಬ್ಬರೂ ಕೂತು ಆ ಮಾತುಕತೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟೆವು, ಆಮೇಲೆ ಬ್ಲಾಕ್ ಮಾಡಿದೆವು. ಅಳಿಸಬೇಡಿ, ಮುಂದೆ ದೂರು ಕೊಡಬೇಕಾದರೆ ಬೇಕಾಗುತ್ತೆ. ಗುಂಪು ನಡೆಸುವವರಿಗೆ ಮಗಳೇ ಬರೆದಳು. ಸಂಜೆಯೊಳಗೆ ಅವನನ್ನು ಹೊರಹಾಕಿದರು. ಹಾಗೆ ಮಾಡದ ಗುಂಪಾಗಿದ್ದರೆ ನಾನೇ ಬಿಡಿಸುತ್ತಿದ್ದೆ, ಅದರಲ್ಲಿ ಎರಡು ಮಾತಿಲ್ಲ. ಬೆದರಿಕೆ, ಫೋಟೋ ಇಟ್ಟುಕೊಂಡು ಹೆದರಿಸುವುದು, ಇಂಥದ್ದಕ್ಕೆ ಹೋದರೆ ಮಕ್ಕಳ ಸಹಾಯವಾಣಿ 1098 ಇದೆ, ಪೊಲೀಸರಿದ್ದಾರೆ. ‘ಮಾನ ಹೋಗುತ್ತೆ’ ಅಂತ ಮುಚ್ಚಿಡಬೇಡಿ.

ನಿಮ್ಮ ಮಕ್ಕಳೂ ಹೀಗೆ ಬರೆಯುತ್ತಿದ್ದರೆ ಗುಂಪಿನ ನಿಯಮಗಳ ಪುಟ ತೋರಿಸು ಅನ್ನಿ. ವಯಸ್ಸಿನ ಮಿತಿ ಏನು, ದೂರು ಯಾರಿಗೆ ಕೊಡಬೇಕು ಅಂತ ಅದರಲ್ಲಿ ಇರಬೇಕು. ಪಾತ್ರ ಬರೆದ ಒಂದು ಸಾಲು ನೋಡಿ ತೀರ್ಮಾನ ಬೇಡ. ಹಾಗಂತ ‘ಕಥೆ ತಾನೇ’ ಅಂತ ಪೂರ್ತಿ ಕೈ ಬಿಡುವುದೂ ಬೇಡ. ಮಗು ತನ್ನ ಸಂಕಟವನ್ನು ಪಾತ್ರದ ಬಾಯಲ್ಲಿ ಹೇಳಿಸುವುದೂ ಉಂಟು. ಹತ್ತಿರ ಕೂತು ನೇರವಾಗಿ ಕೇಳಿದರೆ ತಪ್ಪಿಲ್ಲ. ನಾನು ಅವತ್ತು ಟೈಪ್ ಮಾಡುವ ಬದಲು ಬಾತ್‌ರೂಮಿನ ಬಾಗಿಲು ತಟ್ಟಬೇಕಿತ್ತು.

ಮಕ್ಕಳಷ್ಟೇ ಆಡುತ್ತಾರೆ ಅಂದುಕೊಳ್ಳಬೇಡಿ. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ನೀವೇ ಒಂದು ಪಾತ್ರ ಹಿಡಿದು ಬರೆಯುತ್ತಿದ್ದರೆ, ಸಂತೋಷ, ಬರೆಯಿರಿ. ಆದರೆ ಪಾತ್ರ ಪಾತ್ರಕ್ಕೆ ಹೇಳಿದ ಪ್ರೀತಿಯ ಮಾತನ್ನು ನಿಮಗೇ ಹೇಳಿದ್ದು ಅಂತ ಸೆರಗಿಗೆ ಗಂಟು ಹಾಕಿಕೊಳ್ಳಬೇಡಿ. ಅವರೂ ಹಾಗೆ ತಿಳಿದುಕೊಂಡಂತೆ ಕಂಡರೆ ಬ್ರ್ಯಾಕೆಟ್ಟಿನೊಳಗೆ ಬಿಡಿಸಿ ಹೇಳಿಬಿಡಿ.

ನಮ್ಮನೆಯಲ್ಲಿ ಈಗ ಊಟಕ್ಕೆ ಕರೆಯುವ ಮೊದಲು ‘ಒಳಗಿದ್ದೀಯೋ, ಹೊರಗಿದ್ದೀಯೋ?’ ಅಂತ ಕೇಳ್ತೀನಿ. ಒಳಗಿದ್ದರೆ ಹತ್ತು ನಿಮಿಷ ಕೊಡ್ತೀನಿ. ಹನ್ನೊಂದನೇ ನಿಮಿಷಕ್ಕೆ ಅವಳೇ ಗುಂಪಿಗೆ ಬರೀತಾಳೆ: ((ಅಮ್ಮ ಕರೀತಿದ್ದಾರೆ, ಸಾರು ಆರಿಹೋಗುತ್ತೆ.))